ಗೆಡ್ಡೆ ತುರಿಯ ಗರಿಗರಿ ಬಿಲ್ಲೆ: ಒಂಬತ್ತು ಪ್ರಯತ್ನಗಳ ದಾಖಲೆ

ಗೆಡ್ಡೆ ತರಕಾರಿಯನ್ನು ತುರಿದು, ಸ್ವಲ್ಪ ಹಿಟ್ಟು ಮತ್ತು ಮೊಟ್ಟೆ ಸೇರಿಸಿ, ಚಪ್ಪಟೆಯಾಗಿ ತಟ್ಟಿ ಎಣ್ಣೆಯಲ್ಲಿ ಕರಿದರೆ ಆಯಿತು ಎಂಬ ಒಂದು ಸಾಲಿನ ಸೂಚನೆಯನ್ನು ನಂಬಿ ನಾನು ಈ ಕೆಲಸಕ್ಕೆ ಇಳಿದೆ. ಆ ಒಂದು ಸಾಲು ನನ್ನ ಕೈಯಲ್ಲಿ ನೆಟ್ಟಗಾಗಲು ಆರು ವಾರ ಹಿಡಿಯಿತು. ಸಿಹಿಗೆಣಸಿನ ವಿಷಯದಲ್ಲಿ ಈಗಲೂ ನೆಟ್ಟಗಾಗಿಲ್ಲ, ಅದನ್ನು ಕೊನೆಯಲ್ಲಿ ಬರೆದಿದ್ದೇನೆ. ಇದನ್ನು ಪಕೋಡ ಎಂದು ಕರೆಯುವವರೂ ಕಟ್ಲೆಟ್ ಎಂದು ಕರೆಯುವವರೂ ಇರಬಹುದು; ನಾನು ಮಾಡಿದ್ದು ಉಂಡೆಯೂ ಅಲ್ಲ, ಅರೆದು ತಟ್ಟಿದ್ದೂ ಅಲ್ಲ, ತುರಿಯ ಎಳೆಗಳು ಅಂಚಿನಲ್ಲಿ ಎದ್ದು ಕಾಣುವ ತೆಳುವಾದ ದುಂಡು ತುಂಡು. ಆದ್ದರಿಂದ ಇಲ್ಲಿ ಬಿಲ್ಲೆ ಎಂದೇ ಬರೆಯುತ್ತೇನೆ.

ಗರಿಗರಿ ಎಂಬ ಮಾತನ್ನು ನಾಲಿಗೆಯ ತೀರ್ಮಾನಕ್ಕೆ ಬಿಟ್ಟರೆ ಪ್ರತಿ ಸಲವೂ ನಮ್ಮನ್ನು ನಾವೇ ಹೊಗಳಿಕೊಳ್ಳುವ ಅಪಾಯವಿರುವುದರಿಂದ, ಮೊದಲೇ ಒಂದು ಪರೀಕ್ಷೆಯನ್ನು ಗೊತ್ತುಮಾಡಿಕೊಂಡೆ. ಎಣ್ಣೆಯಿಂದ ತೆಗೆದು 10 ನಿಮಿಷ ಕಳೆದ ಮೇಲೆ ಬಿಲ್ಲೆಯ ಒಂದು ಅಂಚನ್ನು ಎರಡು ಬೆರಳಿನಲ್ಲಿ ಹಿಡಿದು ಎತ್ತಿದಾಗ ಅದು ಬಾಗಬಾರದು, ಮುರಿದಾಗ ಪಕ್ಕದಲ್ಲಿ ಕುಳಿತವರಿಗೆ ಸದ್ದು ಕೇಳಬೇಕು. ಬಿಸಿಬಿಸಿಯಾಗಿದ್ದಾಗ ಗರಿಗರಿ ಇರುವುದು ದೊಡ್ಡ ಮಾತಲ್ಲ; ಮೊದಲ ಪ್ರಯತ್ನದ ಬಿಲ್ಲೆಯ ಅಂಚು ಸಹ ಮೊದಲ ಒಂದು ನಿಮಿಷ ಹಾಗೆಯೇ ಇತ್ತು.

ಬಳಸಿದ ಸಲಕರಣೆ

ಎರಡು ಬಗೆಯ ತೂತುಗಳಿರುವ ಪೆಟ್ಟಿಗೆಯಾಕಾರದ ತುರಿಮಣೆ (ದಪ್ಪ ತೂತು ಸುಮಾರು 5 ಮಿ.ಮೀ., ಸಣ್ಣದು 2 ಮಿ.ಮೀ.), ಒಂದು ಗ್ರಾಂ ವರೆಗೆ ತೋರಿಸುವ ಡಿಜಿಟಲ್ ತಕ್ಕಡಿ, ಒಗೆದು ಮೆತ್ತಗಾದ ಹತ್ತಿ ಬಟ್ಟೆಯ ಚೌಕ, 24 ಸೆಂ.ಮೀ. ತಳದ ದಪ್ಪ ಬಾಣಲೆ, ಚಪ್ಪಟೆ ಸಟ್ಟುಗ, ಕಾಲಿರುವ ತಂತಿಯ ಜಾಲರಿ. ಕಡ್ಡಿಯಂತೆ ಮುಳುಗಿಸುವ ಥರ್ಮಾಮೀಟರ್ ಐದನೆಯ ಪ್ರಯತ್ನದಲ್ಲಿ ಸೇರಿಕೊಂಡಿತು, ಮೊದಲೇ ಸೇರಬೇಕಾಗಿತ್ತು. ಬಾಣಲೆಗೆ ಸರಿಯಾಗಿ ಕೂರುವ ಒಂದು ಮುಚ್ಚಳ ಯಾವಾಗಲೂ ಒಲೆಯ ಪಕ್ಕದಲ್ಲಿತ್ತು: ಎಣ್ಣೆಗೆ ಬೆಂಕಿ ಹತ್ತಿದರೆ ಒಲೆ ಆರಿಸಿ ಮುಚ್ಚಳ ಮುಚ್ಚಬೇಕೇ ಹೊರತು ನೀರು ಹಾಕಬಾರದು.

ಪ್ರಯತ್ನ 1: ಮುದ್ದೆ

ಸಿಪ್ಪೆ ತೆಗೆದ ಆಲೂಗಡ್ಡೆ 500 ಗ್ರಾಂ ಮತ್ತು ಕ್ಯಾರೆಟ್ 150 ಗ್ರಾಂ ಅನ್ನು ತುರಿಮಣೆಯ ಸಣ್ಣ ತೂತಿನಲ್ಲಿ ತುರಿದೆ. ನುಣ್ಣಗೆ ತುರಿದರೆ ಬೇಗ ಬೇಯುತ್ತದೆ, ಚೆನ್ನಾಗಿ ಅಂಟಿಕೊಳ್ಳುತ್ತದೆ ಎಂಬುದು ನನ್ನ ಎಣಿಕೆಯಾಗಿತ್ತು. ಅದಕ್ಕೆ ಎರಡು ಮೊಟ್ಟೆ, 100 ಗ್ರಾಂ ಮೈದಾ, ಉಪ್ಪು ಹಾಕಿ ಕಲಸಿದಾಗ ದೋಸೆ ಹಿಟ್ಟಿನ ಹದಕ್ಕೆ ಹತ್ತಿರವಾದ ಮಿಶ್ರಣ ಬಂತು. ತಟ್ಟಲು ಆಗಲಿಲ್ಲ, ಸೌಟಿನಿಂದ ಸುರಿಯಬೇಕಾಯಿತು. ಎಣ್ಣೆ ಕಾದಿದೆಯೇ ಎಂದು ನೋಡಲು ಒಂದು ಹನಿ ಮಿಶ್ರಣ ಬಿಟ್ಟು, ಅದು ಮೇಲೆದ್ದ ಕೂಡಲೇ ಶುರುಮಾಡಿದೆ.

ಬಂದದ್ದು ಬಿಲ್ಲೆಯಲ್ಲ. ಅಂಚು ಸೀದು, ನಡುಭಾಗ ಬೆಂದೂ ಬೇಯದ ಮುದ್ದೆಯಾಗಿ, ಒತ್ತಿದರೆ ಎಣ್ಣೆ ಜಿನುಗುವ ಒಂದು ವಸ್ತು ಬಂತು. ತಪ್ಪುಗಳು ಮೂರು: ತುರಿ ನುಣ್ಣಗಿತ್ತು, ತುರಿಯ ನೀರನ್ನು ತೆಗೆದಿರಲಿಲ್ಲ, ಎಣ್ಣೆಯ ಶಾಖ ಅಂದಾಜಿನದಾಗಿತ್ತು. ಆ ದಿನ ನನಗೆ ಇವುಗಳಲ್ಲಿ ಒಂದೂ ಹೊಳೆಯಲಿಲ್ಲ. ಮಿಶ್ರಣ ನೀರಾಯಿತು, ಆದ್ದರಿಂದ ಹಿಟ್ಟು ಸಾಲದು ಎಂದುಕೊಂಡೆ.

ಪ್ರಯತ್ನ 2: ಹಿಟ್ಟು ಹೆಚ್ಚಿಸಿದ್ದು

ಅದೇ ತೂಕದ ತರಕಾರಿಗೆ ಮೈದಾವನ್ನು 160 ಗ್ರಾಂಗೆ ಏರಿಸಿದೆ. ಈ ಸಲ ಕೈಯಲ್ಲಿ ತಟ್ಟಲು ಬಂತು, ಎಣ್ಣೆಯಲ್ಲಿ ಒಡೆಯಲೂ ಇಲ್ಲ. ಆದರೆ ತಣ್ಣಗಾಗುತ್ತಿದ್ದಂತೆ ರಬ್ಬರಿನ ಹಾಗೆ ಬಾಗಿತು, ಬಾಯಲ್ಲಿ ಹಸಿ ಹಿಟ್ಟಿನ ರುಚಿ ಉಳಿಯಿತು, ಆಲೂಗಡ್ಡೆ ಎಲ್ಲಿದೆ ಎಂದು ಹುಡುಕಬೇಕಾಯಿತು. ಹಿಟ್ಟು ನೀರನ್ನು ಓಡಿಸುವುದಿಲ್ಲ, ಬಚ್ಚಿಡುತ್ತದೆ. ಬಚ್ಚಿಟ್ಟ ನೀರು ಎಣ್ಣೆಯಲ್ಲಿ ಆವಿಯಾಗಿ, ಕರಿಯಬೇಕಾದದ್ದನ್ನು ಒಳಗಿನಿಂದ ಬೇಯಿಸುತ್ತದೆ. ಈ ಮಾತನ್ನು ಇಷ್ಟು ಸ್ಪಷ್ಟವಾಗಿ ಬರೆಯುತ್ತಿರುವುದು ಈಗ. ಅಂದು ನಾನು ಮೈದಾದ ಬದಲು ಕಾರ್ನ್‌ಫ್ಲೋರ್ ಹಾಕಬೇಕಿತ್ತೇನೋ ಎಂದು ಯೋಚಿಸುತ್ತಾ ಪಾತ್ರೆ ತೊಳೆಯುತ್ತಿದ್ದೆ.

ಪ್ರಯತ್ನ 3: ಹಿಂಡಿದ್ದು, ಮತ್ತು ಚೆಲ್ಲಿದ್ದು

ತುರಿಮಣೆಯ ದಪ್ಪ ತೂತಿಗೆ ಬದಲಾಯಿಸಿದೆ. ಆಲೂಗಡ್ಡೆಯನ್ನು ಉದ್ದಕ್ಕೆ ಹಿಡಿದು, ಅರ್ಧದಲ್ಲಿ ಕೈ ನಿಲ್ಲಿಸದೆ ಒಂದೇ ದಿಕ್ಕಿಗೆ ಎಳೆದರೆ 5–6 ಸೆಂ.ಮೀ. ಉದ್ದದ ಎಳೆಗಳು ಬರುತ್ತವೆ, ಹಿಂದೆ ಮುಂದೆ ಉಜ್ಜಿದರೆ ಚೂರಾಗುತ್ತವೆ. ಉದ್ದದ ಎಳೆಗಳು ಒಂದರೊಳಗೊಂದು ಸಿಕ್ಕಿಕೊಂಡು ತಾವೇ ಒಂದು ಬಲೆಯಂತಾಗುವುದರಿಂದ ಅಂಟಿಗಾಗಿ ಹಿಟ್ಟಿನ ಮೇಲಿನ ಅವಲಂಬನೆ ಅರ್ಧಕ್ಕರ್ಧ ಕಡಿಮೆಯಾಯಿತು.

650 ಗ್ರಾಂ ತುರಿಗೆ 8 ಗ್ರಾಂ ಉಪ್ಪು ಬೆರೆಸಿ 12 ನಿಮಿಷ ಬಿಟ್ಟು, ಬಟ್ಟೆಯಲ್ಲಿ ಕಟ್ಟಿ ಹಿಂಡಿದೆ. ಒಮ್ಮೆ ಹಿಂಡಿ ಮುಗಿಯಿತೆಂದುಕೊಂಡೆ; ಗಂಟನ್ನು ಬಿಚ್ಚಿ ತುರಿಯನ್ನು ಮೇಲೆ ಕೆಳಗೆ ಮಾಡಿ ಮತ್ತೆ ಕಟ್ಟಿ ಹಿಂಡಿದಾಗ ಇನ್ನೂ ಎರಡು ಚಮಚೆಯಷ್ಟು ಬಂತು. ಒಟ್ಟು 170 ಗ್ರಾಂ. ಅಂದರೆ ತರಕಾರಿಯ ಕಾಲು ಭಾಗಕ್ಕಿಂತಲೂ ಹೆಚ್ಚು ತೂಕ ಬಟ್ಟಲಿಗಿಳಿಯಿತು. ಆಲೂಗಡ್ಡೆಯಲ್ಲಿ ತೂಕದ ಸುಮಾರು ಶೇಕಡಾ 80ರಷ್ಟು, ಕ್ಯಾರೆಟ್‌ನಲ್ಲಿ ಶೇಕಡಾ 88ರಷ್ಟು ನೀರೇ ಇರುತ್ತದೆ ಎಂಬುದನ್ನು ನೆನೆದರೆ ಅದರಲ್ಲಿ ಆಶ್ಚರ್ಯವೇನಿಲ್ಲ, ಆದರೂ ಕಣ್ಣಾರೆ ಕಂಡಾಗ ಹಿಂದಿನ ಎರಡು ಪ್ರಯತ್ನಗಳಲ್ಲಿ ಆ ನೀರೆಲ್ಲ ಎಲ್ಲಿಗೆ ಹೋಗಿತ್ತು ಎಂದು ಮುಜುಗರವಾಯಿತು.

ಇಲ್ಲಿ ಎರಡು ತಪ್ಪು ಮಾಡಿದೆ. ಮೊದಲನೆಯದು, ತುರಿಗೆ ಉಪ್ಪು ಹಾಕಿದ್ದನ್ನು ಮರೆತು ಕಲಸುವಾಗ ಮತ್ತೊಂದು ಚಮಚೆ ಹಾಕಿದೆ. ಉಪ್ಪಿನ ಸ್ವಲ್ಪ ಭಾಗ ನೀರಿನೊಂದಿಗೆ ಹೋಗುವುದು ನಿಜ, ಆದರೆ ತುರಿಯಲ್ಲಿ ಉಳಿಯುವುದೂ ರುಚಿಗೆ ಸಾಕಷ್ಟಿರುತ್ತದೆ. ಅಂದಿನ ಬಿಲ್ಲೆಗಳನ್ನು ಯಾರೂ ಎರಡನೆಯ ಬಾರಿ ಕೇಳಲಿಲ್ಲ. ಎರಡನೆಯದು, ಹಿಂಡಿದ ನೀರನ್ನು ಚೆಲ್ಲಿದೆ. ಒಂದು ಮೊಟ್ಟೆ ಮತ್ತು 20 ಗ್ರಾಂ ಅಕ್ಕಿ ಹಿಟ್ಟಿನಲ್ಲಿ ಕಲಸಿದ ಬಿಲ್ಲೆಗಳು ಮಗುಚುವ ಹೊತ್ತಿಗೆ ಬಿಡಿಬಿಡಿಯಾಗಿ, ಎಣ್ಣೆಯ ತುಂಬ ತುರಿ ತೇಲಿತು. ಬಿಡಿಯಾಗಿ ಕರಿದುಹೋದ ಆ ಎಳೆಗಳು ಮಾತ್ರ, ಉಪ್ಪನ್ನು ಮರೆತರೆ, ಬಹಳ ಗರಿಗರಿಯಾಗಿದ್ದವು. ಹೋಗುತ್ತಿರುವ ದಾರಿ ಸರಿಯೆಂದು ತಿಳಿದದ್ದು ಅದರಿಂದಲೇ.

ಅಕ್ಕನಿಗೆ ಇದನ್ನು ಹೇಳಿದಾಗ ಅವಳು ಕೇಳಿದ್ದು ಒಂದೇ ಪ್ರಶ್ನೆ: “ಹಿಂಡಿದ ನೀರನ್ನು ಚೆಲ್ಲುವ ಮೊದಲು ಬಟ್ಟಲಿನ ತಳ ನೋಡಿದೆಯೇನೋ?” ನೋಡಿರಲಿಲ್ಲ.

ಪ್ರಯತ್ನ 4: ಬಟ್ಟಲಿನ ತಳ

ಈ ಸಲ ಹಿಂಡಿದ ನೀರನ್ನು 15 ನಿಮಿಷ ಅಲುಗಾಡಿಸದೆ ಇಟ್ಟೆ. ಮೇಲೆ ಕಂದು ಬಣ್ಣದ ನೀರು ನಿಂತು, ತಳದಲ್ಲಿ ಸುಣ್ಣದ ಹಾಗೆ ಬಿಳಿಯ ಪಿಷ್ಟ ಗಟ್ಟಿಯಾಗಿ ಕೂತಿತ್ತು. ಮೇಲಿನ ನೀರನ್ನು ಮೆಲ್ಲಗೆ ಬಗ್ಗಿಸಿ ತೆಗೆದು ತೂಗಿದರೆ 14 ಗ್ರಾಂ. ಅದನ್ನು ಬೆರಳಿನಿಂದ ಕೆರೆದು ತುರಿಗೆ ಮರಳಿ ಸೇರಿಸಿ, ಒಂದು ಮೊಟ್ಟೆ ಮತ್ತು 20 ಗ್ರಾಂ ಅಕ್ಕಿ ಹಿಟ್ಟು ಹಾಕಿ ಕಲಸಿದೆ. ಒಂದೊಂದು 40 ಗ್ರಾಂನಂತೆ 14 ಬಿಲ್ಲೆಗಳಾದವು, 8 ಸೆಂ.ಮೀ. ಅಗಲ, 8 ಮಿ.ಮೀ. ದಪ್ಪ. ಒಂದೂ ಒಡೆಯಲಿಲ್ಲ.

ಅಕ್ಕಿ ಹಿಟ್ಟಿನ ಜಾಗದಲ್ಲಿ ಅಷ್ಟೇ ತೂಕದ ಮೈದಾ ಹಾಕಿದ ಒಂದು ಚಿಕ್ಕ ಪಾಲನ್ನೂ ಅಂದೇ ಕರಿದು ನೋಡಿದೆ. ಮೈದಾದ್ದು ಅಂಟಿಕೊಂಡದ್ದು ಚೆನ್ನಾಗಿತ್ತು, ಕಚ್ಚಿದಾಗ ಜಗಿಯುವಂತಿತ್ತು. ಅಕ್ಕಿ ಹಿಟ್ಟಿನದು ಒಣಗಿ ಪುಡಿಯಾಗುವಂತೆ ಮುರಿಯಿತು. ಅಲ್ಲಿಂದಾಚೆಗೆ ಮೈದಾವನ್ನು ಮುಟ್ಟಲಿಲ್ಲ.

ಇನ್ನೊಂದು ತಪ್ಪೂ ಆಯಿತು. ಆಲೂಗಡ್ಡೆಯನ್ನು ಮೊದಲು ತುರಿದಿಟ್ಟು ಬೇರೆ ಕೆಲಸಕ್ಕೆ ಹೋಗಿ ಬರುವಷ್ಟರಲ್ಲಿ 40 ನಿಮಿಷವಾಗಿ, ತುರಿ ಬೂದು ಬಣ್ಣಕ್ಕೆ ತಿರುಗಿತ್ತು. ರುಚಿ ಕೆಡಲಿಲ್ಲ, ಆದರೆ ಕರಿದ ಮೇಲೂ ಮಾಸಲು ಬಣ್ಣ ಹೋಗಲಿಲ್ಲ. ಈಗ ಕ್ಯಾರೆಟ್ ಮುಂತಾದವನ್ನು ಮೊದಲು ತುರಿದು ಆಲೂಗಡ್ಡೆಯನ್ನು ಕೊನೆಗೆ ತುರಿಯುತ್ತೇನೆ. ತಡವಾಗುವುದು ಖಚಿತವಿದ್ದರೆ ತುರಿಯನ್ನು ತಣ್ಣೀರಿನಲ್ಲಿ ಮುಳುಗಿಸಿಡುತ್ತೇನೆ. ಆಗ ಪಿಷ್ಟ ಆ ನೀರಿನ ತಳಕ್ಕೂ ಇಳಿಯುತ್ತದೆ, ಅದನ್ನೂ ಹಾಗೆಯೇ ಬಗ್ಗಿಸಿ ತೆಗೆಯಬೇಕು.

ಹತ್ತು ನಿಮಿಷದ ಪರೀಕ್ಷೆಯಲ್ಲಿ ಇವು ಸೋತವು. ಬಾಗಲಿಲ್ಲ, ಆದರೆ ಸದ್ದೂ ಬರಲಿಲ್ಲ.

ಪ್ರಯತ್ನ 5: ಥರ್ಮಾಮೀಟರ್

ಇದಕ್ಕೆ ಒಂದು ಪೂರ್ತಿ ಮಧ್ಯಾಹ್ನ ಹಿಡಿಯಿತು. ಬಾಣಲೆಗೆ 400 ಮಿ.ಲೀ. ಎಣ್ಣೆ ಹಾಕಿದರೆ ಸುಮಾರು 9 ಮಿ.ಮೀ. ಆಳ ಬರುತ್ತದೆ, ಬಿಲ್ಲೆಯ ಬೆನ್ನು ಮುಳುಗಿಯೂ ಮುಳುಗದಂತೆ ಇರುತ್ತದೆ. ಎಣ್ಣೆಯನ್ನು 180 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿ ಒಮ್ಮೆಲೇ ಐದು ಬಿಲ್ಲೆ ಬಿಟ್ಟೆ. ಅರ್ಧ ನಿಮಿಷದಲ್ಲಿ ಥರ್ಮಾಮೀಟರ್ 148 ತೋರಿಸಿತು, ಉರಿಯನ್ನು ಪೂರ್ತಿ ಏರಿಸಿದರೂ ಮೇಲೇಳಲು ನಾಲ್ಕು ನಿಮಿಷ ಬೇಕಾಯಿತು, ಅಷ್ಟರಲ್ಲಿ ಬಿಲ್ಲೆಗಳು ಎಣ್ಣೆ ಕುಡಿದು ಮೆತ್ತಗಾಗಿದ್ದವು. ಮೂರು ಬಿಲ್ಲೆ ಬಿಟ್ಟಾಗ 165ಕ್ಕೆ ಇಳಿದು ಒಂದೂವರೆ ನಿಮಿಷದಲ್ಲಿ ಮೇಲೆ ಬಂತು. ಹಿಂದಿನ ನಾಲ್ಕೂ ಪ್ರಯತ್ನಗಳಲ್ಲಿ ನಾನು ಬಾಣಲೆಯಲ್ಲಿ ಜಾಗವಿದೆ ಎಂದು ಐದೈದು ಹಾಕಿದ್ದೆ. ಎಷ್ಟು ಹಾಕಬೇಕು ಎಂಬುದನ್ನು ಬಾಣಲೆಯ ಅಗಲವಲ್ಲ, ಎಣ್ಣೆಯ ಪ್ರಮಾಣ ತೀರ್ಮಾನಿಸುತ್ತದೆ.

ಉಳಿದ ಒಂಬತ್ತು ಬಿಲ್ಲೆಗಳನ್ನು ಮೂರು ಮೂರಾಗಿ ಬೇರೆ ಬೇರೆ ಶಾಖದಲ್ಲಿ ಕರಿದು, ಪ್ರತಿ ಸಲವೂ ಎಣ್ಣೆ ಆರಿದ ಮೇಲೆ ತೂಗಿದೆ. (ಕಾದ ಎಣ್ಣೆಯನ್ನು ತಕ್ಕಡಿಯ ಹತ್ತಿರಕ್ಕೂ ಒಯ್ಯಬಾರದು. ಮಧ್ಯಾಹ್ನ ಮುಗಿದುಹೋದದ್ದು ಈ ಕಾಯುವಿಕೆಯಿಂದಲೇ.) ಎಣ್ಣೆಯನ್ನು 150ರ ಆಸುಪಾಸಿನಲ್ಲಿ ಉಳಿಸಿಕೊಂಡಾಗ ಮೂರು ಬಿಲ್ಲೆಗೆ 21 ಗ್ರಾಂ ಎಣ್ಣೆ ಖರ್ಚಾಯಿತು, ಬಣ್ಣ ಬಿಳಿಚಿಕೊಂಡಿತ್ತು, ಕೈಗೆ ಜಿಡ್ಡು ಹತ್ತಿತು. 175ರಿಂದ 180ರಲ್ಲಿ 13 ಗ್ರಾಂ ಹೋಯಿತು. ಒಂದು ಬದಿಗೆ ಮೂರೂವರೆ ನಿಮಿಷ, ಮಗುಚಿ ಮೂರು ನಿಮಿಷದಲ್ಲಿ ಹೊಂಬಣ್ಣ ಬಂತು, ಒಳಗೂ ಬೆಂದಿತ್ತು. 200ರಲ್ಲಿ 12 ಗ್ರಾಂ. ಎರಡು ನಿಮಿಷಕ್ಕೇ ಹೊರಗೆ ಕಡುಕಂದು, ಒಳಗೆ ಹಸಿ ಆಲೂಗಡ್ಡೆಯ ಕರಕರ. ಒಂದು ಗ್ರಾಂ ಎಣ್ಣೆ ಉಳಿಸಲು 200ಕ್ಕೆ ಹೋಗುವುದರಲ್ಲಿ ಅರ್ಥವಿಲ್ಲ. ಪಿಷ್ಟವಿರುವ ತರಕಾರಿಯನ್ನು ಕಡುಕಂದಾಗುವವರೆಗೆ ಕರಿದಷ್ಟೂ ಅಕ್ರಿಲಮೈಡ್ ಎಂಬ ಬೇಡದ ವಸ್ತು ಹೆಚ್ಚಾಗುವುದರಿಂದ, ಹೊಂಬಣ್ಣಕ್ಕೆ ನಿಲ್ಲಿಸುವುದು ರುಚಿಗೂ ದೇಹಕ್ಕೂ ಒಳ್ಳೆಯದು.

ಮಗುಚುವ ಬಗ್ಗೆ ಒಂದು ಮಾತು. ಬಿಲ್ಲೆಯನ್ನು ಬಿಟ್ಟ ಮೇಲೆ ಮೊದಲ ಎರಡು ನಿಮಿಷ ಮುಟ್ಟಬಾರದು. ತಳ ಗಟ್ಟಿಯಾದಾಗ ಅದು ತಾನಾಗಿ ಬಾಣಲೆಯನ್ನು ಬಿಡುತ್ತದೆ, ಅದಕ್ಕೆ ಮೊದಲು ಸಟ್ಟುಗ ತೂರಿಸಿದರೆ ಅರ್ಧ ಬಿಲ್ಲೆ ಮಾತ್ರ ಮೇಲೆ ಬರುತ್ತದೆ. ನನಗೆ ಇದು ಗೊತ್ತಿತ್ತು, ಆದರೂ ಕೈ ತಡೆಯಲಿಲ್ಲ.

ಈ ಹಂತಕ್ಕೆ ಒಂದು ಬಾಲ ಉಂಟು. ಎರಡು ದಿನ ಬಿಟ್ಟು, ಅದೇ ಅಳತೆ ಅದೇ 178 ಡಿಗ್ರಿಯಲ್ಲಿ ಮತ್ತೆ ಮಾಡಿದಾಗ ಬಿಲ್ಲೆಗಳು ಎರಡೇ ನಿಮಿಷದಲ್ಲಿ ಕಪ್ಪಿಟ್ಟವು. ಥರ್ಮಾಮೀಟರ್ ಕೆಟ್ಟಿದೆ ಎಂದು ಅನುಮಾನಿಸಿ ಕುದಿಯುವ ನೀರಿನಲ್ಲಿ ಅದ್ದಿ ನೋಡಿದೆ, ಸರಿಯಾಗಿಯೇ ಇತ್ತು. ಎಣ್ಣೆ ಬದಲಾಯಿಸಿದೆ, ಪ್ರಯೋಜನವಾಗಲಿಲ್ಲ. ಕೊನೆಗೆ ನೆನಪಾಯಿತು: ಅಂದಿನ ಆಲೂಗಡ್ಡೆ ಒಂದು ವಾರದಿಂದ ಫ್ರಿಜ್‌ನಲ್ಲಿತ್ತು. ಹೆಚ್ಚು ತಂಪಿನಲ್ಲಿಟ್ಟರೆ ಆಲೂಗಡ್ಡೆಯ ಪಿಷ್ಟದಲ್ಲಿ ಸ್ವಲ್ಪ ಭಾಗ ಸಕ್ಕರೆಯಾಗಿ ಮಾರ್ಪಡುತ್ತದೆ, ಆ ಸಕ್ಕರೆ ಎಣ್ಣೆಯಲ್ಲಿ ಬೇಗ ಕಪ್ಪಾಗುತ್ತದೆ. ಈಗ ಆಲೂಗಡ್ಡೆಯನ್ನು ಹೊರಗೆ, ಬೆಳಕು ಬೀಳದ ಗಾಳಿಯಾಡುವ ಜಾಗದಲ್ಲಿ ಇಡುತ್ತೇನೆ, ಹಸಿರು ಹತ್ತಿದ್ದನ್ನು ಬಳಸುವುದಿಲ್ಲ.

ಪ್ರಯತ್ನ 6: ಇಳಿಸಿದ ಮೇಲೆ

ನಾಲ್ಕನೆಯ ಪ್ರಯತ್ನದಲ್ಲಿ ಸದ್ದು ಏಕೆ ಬರಲಿಲ್ಲ ಎಂಬ ಪ್ರಶ್ನೆ ಉಳಿದಿತ್ತು. ಒಂದೇ ಮಿಶ್ರಣದ ಹನ್ನೆರಡು ಬಿಲ್ಲೆಗಳನ್ನು 178 ಡಿಗ್ರಿಯಲ್ಲಿ ಕರಿದು, ನಾಲ್ಕನ್ನು ಟಿಶ್ಯೂ ಕಾಗದದ ಮೇಲೆ ಹರಡಿದೆ, ನಾಲ್ಕನ್ನು ತಟ್ಟೆಯಲ್ಲಿ ಒಂದರ ಮೇಲೊಂದು ಇಟ್ಟೆ, ನಾಲ್ಕನ್ನು ತಂತಿಯ ಜಾಲರಿಯ ಮೇಲಿಟ್ಟೆ. ಹತ್ತು ನಿಮಿಷಕ್ಕೆ ತಟ್ಟೆಯ ರಾಶಿಯಲ್ಲಿ ಮೇಲಿನದೊಂದನ್ನು ಬಿಟ್ಟು ಉಳಿದವು ಬೆವೆತು ಬಾಗಿದವು. ಕಾಗದದ ಮೇಲಿನವುಗಳ ಬೆನ್ನು ಗರಿಗರಿ, ಹೊಟ್ಟೆ ತೇವ. ಜಾಲರಿಯ ಮೇಲಿನ ನಾಲ್ಕೂ ಸದ್ದು ಮಾಡಿ ಮುರಿದವು, ಮುಂದಿನ ಕೋಣೆಯಿಂದ “ಏನದು?” ಎಂದು ಕೇಳಿದರು. ಮೊದಲ ಬಾರಿಗೆ ಪರೀಕ್ಷೆಯಲ್ಲಿ ಗೆದ್ದದ್ದು ಅಂದು.

ಬಿಸಿ ಬಿಲ್ಲೆಯಿಂದ ಆವಿ ಇನ್ನೂ ಹೊರಡುತ್ತಲೇ ಇರುತ್ತದೆ, ಅದಕ್ಕೆ ಕೆಳಗೂ ದಾರಿ ಬೇಕು. ಎಣ್ಣೆ ಹೀರಲು ಕಾಗದ ಬೇಕೇ ಬೇಕು ಎನ್ನುವವರು ಅರ್ಧ ನಿಮಿಷ ಕಾಗದದ ಮೇಲಿಟ್ಟು ಜಾಲರಿಗೆ ವರ್ಗಾಯಿಸಬಹುದು. ಓವನ್ ಇದ್ದರೆ ಜಾಲರಿಯ ಸಮೇತ 100 ಡಿಗ್ರಿಯಲ್ಲಿ, ಬಾಗಿಲನ್ನು ಬೆರಳಗಲ ತೆರೆದಿಟ್ಟು, ಅರ್ಧ ಗಂಟೆಯವರೆಗೆ ಕಾಯ್ದಿಡಲು ಸಾಧ್ಯವಾಯಿತು. ಮುಚ್ಚಿದ ಡಬ್ಬಿಯಲ್ಲಿ ಹಾಕಿದರೆ ಐದು ನಿಮಿಷ ಸಾಕು, ಎಲ್ಲ ಶ್ರಮವೂ ನೀರಾಗಲು.

ಪ್ರಯತ್ನ 7: ಬೀಟ್‌ರೂಟ್

ಆಲೂಗಡ್ಡೆ 300, ಕ್ಯಾರೆಟ್ 150, ಬೀಟ್‌ರೂಟ್ 200 ಗ್ರಾಂ. ಮೂರನ್ನೂ ಒಟ್ಟಿಗೆ ಉಪ್ಪು ಹಾಕಿ ಹಿಂಡಿದ್ದರಿಂದ ತುರಿ, ಬಟ್ಟೆ, ಕೈ, ತಳದ ಪಿಷ್ಟ ಎಲ್ಲವೂ ಒಂದೇ ಕೆಂಪಾದವು. ತೊಂದರೆ ಬಣ್ಣದ್ದಲ್ಲ, ಬಣ್ಣ ನೋಡಿ ಹದ ತಿಳಿಯುವ ಅಭ್ಯಾಸದ್ದು. ಬೀಟ್‌ರೂಟ್ ಬಿಲ್ಲೆ ಎಣ್ಣೆಗೆ ಬಿಟ್ಟ ಕ್ಷಣದಿಂದಲೇ ಕಡುಗೆಂಪಾಗಿರುತ್ತದೆ. ಬೆಂದಿದೆ ಎಂದು ಎರಡು ನಿಮಿಷಕ್ಕೆ ತೆಗೆದ ಮೊದಲ ಮೂರು ಒಳಗೆ ಹಸಿಯಾಗಿದ್ದವು, ಇನ್ನೂ ಬೇಯಲಿ ಎಂದು ಬಿಟ್ಟ ಮುಂದಿನ ಮೂರು ಸೀದವು. ಬೀಟ್‌ರೂಟ್ ಮತ್ತು ಕ್ಯಾರೆಟ್‌ನಲ್ಲಿ ಸಕ್ಕರೆ ಹೆಚ್ಚು, ಪಿಷ್ಟ ತೀರ ಕಡಿಮೆ. ಆದ್ದರಿಂದ ಶಾಖವನ್ನು 168 ಡಿಗ್ರಿಗೆ ಇಳಿಸಿ, ಬಣ್ಣವನ್ನು ನೋಡದೆ ಗಡಿಯಾರವನ್ನು ನೋಡುತ್ತಾ ಬದಿಗೆ ನಾಲ್ಕು ನಿಮಿಷದಂತೆ ಕರಿದೆ, ಎಣ್ಣೆಯ ಗುಳ್ಳೆ ಚಿಕ್ಕದಾಗಿ ಸದ್ದು ತಗ್ಗಿದಾಗ ತೆಗೆದೆ. ಗುಳ್ಳೆಯ ಸದ್ದು ಈಗ ನನಗೆ ಬಣ್ಣಕ್ಕಿಂತ ಹೆಚ್ಚು ನಂಬಿಕೆಯ ಗುರುತು.

ಅಳತೆಯ ವಿಷಯದಲ್ಲಿ ಕಂಡದ್ದು ಇಷ್ಟು: ಒಟ್ಟು ತುರಿಯಲ್ಲಿ ಅರ್ಧಕ್ಕಿಂತ ಹೆಚ್ಚು ಆಲೂಗಡ್ಡೆ ಇದ್ದರೆ ಅದರ ಪಿಷ್ಟವೇ ಎಲ್ಲವನ್ನೂ ಹಿಡಿಯುತ್ತದೆ. ಅದಕ್ಕಿಂತ ಕಡಿಮೆಯಾದರೆ ಪ್ರತಿ 100 ಗ್ರಾಂ ಬೇರೆ ತರಕಾರಿಗೆ ಸುಮಾರು 8 ಗ್ರಾಂ ಕಾರ್ನ್‌ಫ್ಲೋರ್ ಹೆಚ್ಚಿಗೆ ಬೇಕಾಯಿತು. ಬೀಟ್‌ರೂಟನ್ನು ಈಗ ಬೇರೆಯಾಗಿ ಹಿಂಡಿ, ತಟ್ಟುವ ಮುಂಚೆ ಸೇರಿಸುತ್ತೇನೆ. ಬಿಳಿ ಎಳೆಯ ನಡುವೆ ಕೆಂಪು ಎಳೆ ಬೇರೆಯಾಗಿ ಕಾಣುತ್ತದೆ.

ಪ್ರಯತ್ನ 8: ಕೆಸುವಿನ ಗೆಡ್ಡೆ

ಇದು ಇಡೀ ದಾಖಲೆಯಲ್ಲಿ ದೊಡ್ಡ ತಪ್ಪು. ಹಸಿ ಕೆಸುವಿನ ಗೆಡ್ಡೆಯನ್ನು ಬರಿಗೈಯಲ್ಲಿ ಸುಲಿದು, ಒದ್ದೆ ಕೈಯಲ್ಲಿ ತುರಿದು, ಉಪ್ಪು ಹಾಕಿ ಹಿಂಡಲು ಹೋದೆ. ಹತ್ತು ನಿಮಿಷದಲ್ಲಿ ಬೆರಳ ಸಂದಿನಿಂದ ಮಣಿಕಟ್ಟಿನವರೆಗೆ ತುರಿಕೆ ಹತ್ತಿ ಒಂದು ಗಂಟೆ ಕಾಡಿತು. ಈ ಗೆಡ್ಡೆಯಲ್ಲಿ ಕ್ಯಾಲ್ಸಿಯಂ ಆಕ್ಸಲೇಟ್‌ನ ಸೂಜಿಯಂಥ ಹರಳುಗಳಿರುತ್ತವೆ, ಚರ್ಮಕ್ಕೂ ಗಂಟಲಿಗೂ ಚುಚ್ಚುವುದು ಅವೇ. ಗೆಡ್ಡೆಯನ್ನು ಪೂರ್ತಿ ಬೇಯಿಸದೆ ತಿನ್ನಬಾರದು. ಗೊತ್ತಿದ್ದ ವಿಷಯವೇ, ಆದರೆ ಆಲೂಗಡ್ಡೆಯ ಲಯಕ್ಕೆ ಒಗ್ಗಿದ ಕೈ ಯೋಚಿಸಲಿಲ್ಲ. ಅದರ ಮೇಲೆ, ತುರಿ ಲೋಳೆಲೋಳೆಯಾಗಿ ಬಟ್ಟೆಯಿಂದ ಒಂದು ಹನಿಯೂ ಇಳಿಯದೆ ಇಡೀ ಪಾಲು ಬೀಸಾಡಬೇಕಾಯಿತು.

ಮತ್ತೊಮ್ಮೆ ಮಾಡಿದಾಗ ಕೈಗೆ ಎಣ್ಣೆ ಸವರಿ, ಮೇಲೆ ಕೈಗವಸು ಹಾಕಿ, ಗೆಡ್ಡೆಯನ್ನು ಸಿಪ್ಪೆಯ ಸಮೇತ ಚೂರಿ ಸಲೀಸಾಗಿ ಇಳಿಯುವವರೆಗೆ ಬೇಯಿಸಿದೆ. ಮಧ್ಯಮ ಗಾತ್ರದ್ದಕ್ಕೆ 20 ನಿಮಿಷ ಹಿಡಿಯಿತು. ಪೂರ್ತಿ ಆರಿಸಿ, ಒಂದು ರಾತ್ರಿ ಫ್ರಿಜ್‌ನಲ್ಲಿಟ್ಟು ಗಟ್ಟಿಯಾದ ಮೇಲೆ ದಪ್ಪ ತೂತಿನಲ್ಲಿ ತುರಿದರೆ ಎಳೆ ಚೆನ್ನಾಗಿ ಬಂತು. ಹಿಂಡುವುದು ಬೇಕಿಲ್ಲ, ಮೊಟ್ಟೆಯೂ ಬೇಕಿಲ್ಲ. ಅದರ ಅಂಟೇ ಸಾಕು, 400 ಗ್ರಾಂಗೆ 25 ಗ್ರಾಂ ಅಕ್ಕಿ ಹಿಟ್ಟು ಹಾಕಿದೆ. 180 ಡಿಗ್ರಿಯಲ್ಲಿ ಬದಿಗೆ ಮೂರು ನಿಮಿಷ. ಹೊರಪದರದ ಗರಿಯಲ್ಲಿ ಇದು ಆಲೂಗಡ್ಡೆಯನ್ನು ಮೀರಿಸಿತು ಎಂದು ಒಪ್ಪಿಕೊಳ್ಳಬೇಕು. ಮರಗೆಣಸನ್ನು ಮಾತ್ರ ಹಸಿಯಾಗಿ ತುರಿದು ಕರಿಯುವ ಪ್ರಯೋಗಕ್ಕೆ ನಾನು ಹೋಗಲಿಲ್ಲ. ಹಸಿ ಮರಗೆಣಸಿನಲ್ಲಿ ಸಯನೈಡ್ ಬಿಡುಗಡೆ ಮಾಡುವ ವಸ್ತುಗಳಿರುವುದರಿಂದ ಸಿಪ್ಪೆ ತೆಗೆದು ನೀರಿನಲ್ಲಿ ಪೂರ್ತಿ ಬೇಯಿಸಿ, ಆ ನೀರನ್ನು ಚೆಲ್ಲಿದ ಮೇಲೆಯೇ ಅದನ್ನು ಬಳಸಬೇಕು.

ಪ್ರಯತ್ನ 9: ಮೊದಲೇ ಮಾಡಿಡುವುದು

ಜನ ಬಂದಾಗ ಒಲೆಯ ಮುಂದೆ ನಿಂತು ಮೂರು ಮೂರಾಗಿ ಕರಿಯುವುದು ಕಷ್ಟ. ಆದ್ದರಿಂದ ಎರಡು ಬಾರಿ ಕರಿಯುವ ಕ್ರಮವನ್ನು ನೋಡಿದೆ. ಮೊದಲ ಸಲ 160 ಡಿಗ್ರಿಯಲ್ಲಿ ಬದಿಗೆ ಮೂರು ನಿಮಿಷ, ಬಣ್ಣ ಬರುವ ಮೊದಲೇ ತೆಗೆದು, ಜಾಲರಿಯ ಮೇಲೆ ಪೂರ್ತಿ ಆರಿಸಿ, ಒಂದಕ್ಕೊಂದು ತಾಗದಂತೆ ತಟ್ಟೆಯಲ್ಲಿ ಹರಡಿ ಫ್ರೀಜರ್‌ನಲ್ಲಿಟ್ಟೆ. ಮೂರು ದಿನದ ನಂತರ ಹೊರಗೆ ಕರಗಲು ಬಿಡದೆ ನೇರವಾಗಿ 185 ಡಿಗ್ರಿಯ ಎಣ್ಣೆಗೆ ಎರಡೆರಡಾಗಿ ಬಿಟ್ಟು, ಬದಿಗೆ ಒಂದೂವರೆ ನಿಮಿಷ ಕರಿದೆ. ಗರಿ 20 ನಿಮಿಷದವರೆಗೂ ನಿಂತಿತು. ತಾಜಾ ಮಾಡಿದ್ದಕ್ಕಿಂತ ಇದು ಗಟ್ಟಿ, ಒಳಗಿನ ಮೃದುತ್ವ ಸ್ವಲ್ಪ ಕಡಿಮೆ.

ಮೊದಲ ಎರಡನ್ನು ಬಿಟ್ಟಾಗ ಬಿಲ್ಲೆಯ ಮೇಲಿನ ಹಿಮದ ಪುಡಿ ಎಣ್ಣೆಗೆ ಬಿದ್ದು ಜೋರಾಗಿ ಸಿಡಿಯಿತು, ಮುಂಗೈಯಲ್ಲಿ ಎರಡು ಬೊಬ್ಬೆಗಳಾದವು. ಈಗ ಒಣ ಬಟ್ಟೆಯಿಂದ ಹಿಮವನ್ನು ಒರೆಸಿ, ಬಿಲ್ಲೆಯನ್ನು ನನ್ನಿಂದ ಆಚೆ ಬದಿಗೆ ಜಾರುವಂತೆ ಇಳಿಸುತ್ತೇನೆ.

ಈಗ ಅನುಸರಿಸುತ್ತಿರುವ ಅಳತೆ

ಆಲೂಗಡ್ಡೆ 500 ಗ್ರಾಂ, ಕ್ಯಾರೆಟ್ 150 ಗ್ರಾಂ, ಉಪ್ಪು 8 ಗ್ರಾಂ ಒಂದೇ ಸಲ. 12 ನಿಮಿಷ ಬಿಟ್ಟು ಎರಡು ಬಾರಿ ಹಿಂಡುವುದು, ನೀರನ್ನು 15 ನಿಮಿಷ ಬಿಟ್ಟು ತಳದ ಪಿಷ್ಟವನ್ನು ಮರಳಿ ಸೇರಿಸುವುದು, ಒಂದು ಮೊಟ್ಟೆ, ಅಕ್ಕಿ ಹಿಟ್ಟು 20 ಗ್ರಾಂ, ಮೆಣಸಿನ ಪುಡಿ ಅಥವಾ ಹೆಚ್ಚಿದ ಸೊಪ್ಪು ಇಷ್ಟದಂತೆ. ಕಲಸಿದ ಮೇಲೆ ಹತ್ತು ನಿಮಿಷದೊಳಗೆ ಕರಿಯಲು ಶುರುಮಾಡಬೇಕು, ಬಿಟ್ಟಷ್ಟೂ ಮತ್ತೆ ನೀರು ಬಿಡುತ್ತದೆ. ಕೊನೆಯ ಮೂರು ಬಿಲ್ಲೆಗಳನ್ನು ತಟ್ಟುವ ಮುಂಚೆ ಅಂಗೈಯಲ್ಲಿ ಇನ್ನೊಮ್ಮೆ ಹಿಂಡುತ್ತೇನೆ. ಮೊಟ್ಟೆ ಬೇಡದವರಿಗೆ 30 ಗ್ರಾಂ ಕಡಲೆ ಹಿಟ್ಟನ್ನು 40 ಮಿ.ಲೀ. ನೀರಿನಲ್ಲಿ ಕಲಸಿ ಹಾಕಿದ್ದು ಒಡೆಯಲಿಲ್ಲ, ಗರಿ ಒಂದು ಪಾಲು ಕಡಿಮೆಯಾಯಿತು. ಎಣ್ಣೆಯಲ್ಲಿ ಉಳಿದ ತುರಿಯ ಚೂರುಗಳನ್ನು ಪ್ರತಿ ಸರದಿಯ ನಂತರ ಜಾಲರಿ ಸೌಟಿನಿಂದ ತೆಗೆಯದಿದ್ದರೆ ಅವು ಸೀದು ಮುಂದಿನ ಬಿಲ್ಲೆಗಳಿಗೆ ಕಹಿ ಹಿಡಿಸುತ್ತವೆ. ತುರಿಯುವುದರಿಂದ ಕೊನೆಯ ಬಿಲ್ಲೆಯವರೆಗೆ ಒಟ್ಟು ಒಂದೂಕಾಲು ಗಂಟೆ, ಎಣ್ಣೆಯ ಖರ್ಚು 60 ಗ್ರಾಂ ಆಸುಪಾಸು.

ಸಿಹಿಗೆಣಸು: ನಿಂತಿರುವ ಜಾಗ

ನಡುನಡುವೆ ಮೂರು ಸಲ ಪ್ರಯತ್ನಿಸಿದ್ದನ್ನು ಪ್ರತ್ಯೇಕ ಸಂಖ್ಯೆ ಕೊಡದೆ ಇಲ್ಲಿ ಸೇರಿಸಿದ್ದೇನೆ, ಏಕೆಂದರೆ ಮೂರೂ ಸೋತಿವೆ. 300 ಗ್ರಾಂ ಸಿಹಿಗೆಣಸಿನ ತುರಿಯನ್ನು ಉಪ್ಪು ಹಾಕಿ ಹಿಂಡಿದರೆ 22 ಗ್ರಾಂ ನೀರು ಮಾತ್ರ ಬಂತು. 175 ಡಿಗ್ರಿಯಲ್ಲಿ ಎರಡು ನಿಮಿಷಕ್ಕೆ ಕಂದಾಯಿತು, ಒಳಗೆ ಬೆಂದು ಮೆತ್ತಗಾಯಿತು, ಜಾಲರಿಯ ಮೇಲೆ ಮೂರು ನಿಮಿಷದಲ್ಲಿ ಬಾಗಿತು. ಎರಡನೆಯ ಸಲ 160ಕ್ಕೆ ಇಳಿಸಿ ದಪ್ಪವನ್ನು 5 ಮಿ.ಮೀ.ಗೆ ಕುಗ್ಗಿಸಿದೆ, ಮೂರನೆಯ ಸಲ ಅದಕ್ಕೆ ಮೂರನೆಯ ಒಂದು ಭಾಗ ಆಲೂಗಡ್ಡೆಯನ್ನೂ 20 ಗ್ರಾಂ ಕಾರ್ನ್‌ಫ್ಲೋರನ್ನೂ ಸೇರಿಸಿದೆ. ಮೂರನೆಯದು ಆರು ನಿಮಿಷ ನಿಂತಿತು, ಹತ್ತಕ್ಕೆ ತಲುಪಲಿಲ್ಲ.

ಹಿಂಡಿದರೆ ಬಾರದ ನೀರನ್ನು ಒಣಗಿಸಿ ತೆಗೆಯಬಹುದೇ ಎಂಬುದು ಈಗಿನ ಪ್ರಶ್ನೆ. ಓವನ್‌ನ ಶಾಖದಲ್ಲಿ ತುರಿ ಬೆಂದುಬಿಟ್ಟರೆ ಪಿಷ್ಟ ಇನ್ನಷ್ಟು ಸಕ್ಕರೆಯಾಗುವ ಭಯವಿರುವುದರಿಂದ ಬಿಸಿಯಿಲ್ಲದೆ, ಬಟ್ಟೆಯ ಮೇಲೆ ತೆಳುವಾಗಿ ಹರಡಿ ಫ್ಯಾನ್ ಹಾಕಿದ್ದೇನೆ. 300 ಗ್ರಾಂ ಇದ್ದ ತುರಿ ಎರಡು ಗಂಟೆಯಲ್ಲಿ 248 ಗ್ರಾಂಗೆ ಇಳಿದಿದೆ, ಎಳೆಗಳ ತುದಿ ಸುರುಟಿಕೊಳ್ಳತೊಡಗಿವೆ. 220 ಆದ ಕೂಡಲೇ ಬಾಣಲೆ ಇಡುತ್ತೇನೆ.